ಪೂರ್ವಪಕ್ಷವಿಲ್ಲದ ಎರಡನೆಯ ಅಧ್ಯಾಯ

ಕನ್ನಡದ ಪಿಎಚ್‌.ಡಿ. ಪ್ರಬಂಧಗಳ ಮೊದಲ ಐವತ್ತು ಪುಟಗಳೊಳಗೆ ಒಂದು ವಾಕ್ಯ ಹೆಚ್ಚುಕಡಿಮೆ ಇದ್ದೇ ಇರುತ್ತದೆ: ‘ಈ ವಿಷಯದ ಬಗ್ಗೆ ಬಿಡಿ ಲೇಖನಗಳು ಬಂದಿವೆಯಾದರೂ ಸಮಗ್ರ ಅಧ್ಯಯನ ನಡೆದಿಲ್ಲ.’ ಅದರ ಆಚೀಚೆ ಹದಿನೈದೋ ಇಪ್ಪತ್ತೋ ವಿದ್ವಾಂಸರ ಹೆಸರು, ಅವರ ಪುಸ್ತಕ, ಪ್ರಕಟವಾದ ವರ್ಷ, ಒಂದೊಂದರ ಬಗ್ಗೆಯೂ ಎರಡೆರಡು ಸಾಲು. ಒಂದು ‘ಮಹತ್ವದ ಕೃತಿ’, ಇನ್ನೊಂದು ‘ಮೌಲಿಕ ಕೃತಿ’, ಮತ್ತೊಂದು ‘ಈ ನಿಟ್ಟಿನಲ್ಲಿ ಗಮನಾರ್ಹ ಪ್ರಯತ್ನ’. ಹೀಗೆ ಎಲ್ಲರನ್ನೂ ಹೊಗಳಿ ಮುಗಿಸಿ ಸಂಶೋಧಕರು ಮೂರನೆಯ ಅಧ್ಯಾಯಕ್ಕೆ ಹೋಗಿಬಿಡುತ್ತಾರೆ. ಆ ಹೆಸರುಗಳಲ್ಲಿ ಮುಕ್ಕಾಲು ಪಾಲು ಮತ್ತೆ ಕಾಣಿಸಿಕೊಳ್ಳುವುದು ಕೊನೆಯ ಗ್ರಂಥಋಣದಲ್ಲಿ. ಮೌಲ್ಯಮಾಪನಕ್ಕೆ ಕೂತವರೂ ಈ ಪುಟಗಳನ್ನು ಬೆರಳಲ್ಲಿ ತಿರುವಿ ಮುಂದೆ ಹೋಗುತ್ತಾರೆ. ಅಲ್ಲಿ ಏನೂ ನಡೆದಿರುವುದಿಲ್ಲವೆಂದು ಅವರಿಗೆ ಗೊತ್ತು.

ವಿಭಾಗದಿಂದ ವಿಭಾಗಕ್ಕೆ ಈ ಅಧ್ಯಾಯದ ತಲೆಬರಹ ಬದಲಾಗುತ್ತದೆ. ಸಮಾಜವಿಜ್ಞಾನದವರು ಸಾಹಿತ್ಯ ಸಮೀಕ್ಷೆ ಎನ್ನುತ್ತಾರೆ, ಕನ್ನಡ ವಿಭಾಗದವರು ಈವರೆಗಿನ ಅಧ್ಯಯನಗಳು ಎನ್ನುತ್ತಾರೆ. ಕೆಲಸ ಒಂದೇ. ನಾನು ಕೇಳುತ್ತಿರುವ ಪ್ರಶ್ನೆಯನ್ನು ನನಗಿಂತ ಮೊದಲು ಯಾರು ಕೇಳಿದರು, ಏನು ಉತ್ತರ ಕೊಟ್ಟರು, ಯಾವ ಆಧಾರದ ಮೇಲೆ ಕೊಟ್ಟರು, ಆ ಉತ್ತರ ಎಲ್ಲಿ ಸಾಲದಾಯಿತು ಎಂದು ಹೇಳುವುದು. ಇಡೀ ಪ್ರಬಂಧದಲ್ಲಿ ಸಂಶೋಧಕರು ಇನ್ನೊಬ್ಬರ ಎದುರು ನಿಂತು ವಾದಿಸಲೇಬೇಕಾದ ಜಾಗ ಇದು. ನಾವು ಅದನ್ನು ಹಾಜರಿ ಪುಸ್ತಕ ಮಾಡಿಕೊಂಡಿದ್ದೇವೆ.

ಹಿಂದಿನವರನ್ನು ನೆನೆಯುವುದಕ್ಕೆ ನಮ್ಮಲ್ಲಿ ಎರಡು ಹಳೆಯ ಮಾದರಿಗಳಿವೆ. ಮೊದಲನೆಯದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ. ತನಗಿಂತ ಹಿಂದಿನ ಗದ್ಯಕಾರರೆಂದು ಅದು ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರನ್ನು ಹೆಸರಿಸುತ್ತದೆ. ಪದ್ಯಕಾರರೆಂದು ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲರನ್ನು. ಇವರ ಕನ್ನಡ ಕೃತಿಗಳಲ್ಲಿ ಒಂದೂ ನಮಗೆ ಉಳಿದುಬಂದಿಲ್ಲ. ಬರೆದದ್ದು ಕಾವ್ಯವೋ ಶಾಸ್ತ್ರವೋ ತಿಳಿಯದು. ಮೊದಲೆರಡು ಹೆಸರು ಇಬ್ಬರದೋ, ಬಿಡಿಸದೆ ಓದಿದರೆ ವಿಮಳೋದಯನೆಂಬ ಒಬ್ಬನದೋ ಎಂಬುದೂ ಖಚಿತವಿಲ್ಲ. ದುರ್ವಿನೀತನೊಬ್ಬ ಗಂಗರಸನೆಂದು ಗುರುತಿಗೆ ಸಿಕ್ಕುವುದು ಶಾಸನಗಳ ದಯೆಯಿಂದ. ಎಂ.ಎಂ. ಕಲಬುರ್ಗಿಯವರು ‘ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ’ ಎಂದು ದೊಡ್ಡ ಸಂಶೋಧನೆಯನ್ನೇ ಮಾಡಬೇಕಾಗಿ ಬಂದದ್ದು ಇಂಥ ಅರೆಬರೆ ಸುಳಿವುಗಳ ಬೆನ್ನು ಹತ್ತಿ. ಕವಿರಾಜಮಾರ್ಗಕಾರ ಒಬ್ಬೊಬ್ಬರ ಬಗ್ಗೆ ಒಂದೊಂದು ವಾಕ್ಯ ಬರೆದಿಟ್ಟಿದ್ದರೆ ಪಂಪಪೂರ್ವ ಯುಗದ ನಮ್ಮ ಚರಿತ್ರೆಯ ಅಧ್ಯಾಯ ಬೇರೆಯಾಗಿರುತ್ತಿತ್ತು.

ಎರಡನೆಯದು ಕಾಶ್ಮೀರದ ಅಭಿನವಗುಪ್ತನದು. ನಾಟ್ಯಶಾಸ್ತ್ರಕ್ಕೆ ಬರೆದ ಅಭಿನವಭಾರತಿಯಲ್ಲಿ ರಸಸೂತ್ರಕ್ಕೆ ಬಂದಾಗ ಅವನು ಮೊದಲು ತನ್ನ ಮಾತು ಹೇಳುವುದಿಲ್ಲ. ಭಟ್ಟಲೊಲ್ಲಟ ಹೇಳಿದ್ದೇನು, ಅದನ್ನು ಶಂಕುಕ ಯಾಕೆ ಒಪ್ಪಲಿಲ್ಲ, ಶಂಕುಕನ ಅನುಮಾನವಾದದಲ್ಲಿ ಏನು ಕೊರತೆ, ಭಟ್ಟನಾಯಕ ಎಲ್ಲಿಯವರೆಗೆ ಬಂದು ಎಲ್ಲಿ ನಿಂತ ಎಂದು ಒಂದೊಂದು ವಾದವನ್ನೂ ಅದರ ಬಲದೊಡನೆಯೇ ನಿಲ್ಲಿಸಿ, ಆಮೇಲೆ ಖಂಡಿಸಿ, ಖಂಡನೆಯ ಕೊನೆಯಲ್ಲಿ ತನ್ನ ಸಿದ್ಧಾಂತಕ್ಕೆ ಬರುತ್ತಾನೆ. ಲೊಲ್ಲಟನ ವ್ಯಾಖ್ಯಾನ ಇಂದು ಇಲ್ಲ, ಭಟ್ಟನಾಯಕನ ಹೃದಯದರ್ಪಣವೂ ಇಲ್ಲ. ಆದರೂ ತೀ.ನಂ.ಶ್ರೀಯವರ ‘ಭಾರತೀಯ ಕಾವ್ಯಮೀಮಾಂಸೆ’ ಓದಿದ ಎಂ.ಎ. ವಿದ್ಯಾರ್ಥಿ ಅವರ ಮತಗಳನ್ನು ಬೇರೆಬೇರೆಯಾಗಿ ಬಿಡಿಸಿ ಹೇಳಬಲ್ಲ. ಎದುರಾಳಿ ಅಷ್ಟು ಪ್ರಾಮಾಣಿಕವಾಗಿ ಬರೆದಿಟ್ಟ ಪೂರ್ವಪಕ್ಷವೇ ಅವರನ್ನು ಉಳಿಸಿತು. ನಮ್ಮ ಪ್ರಬಂಧಗಳು ಶಾಸ್ತ್ರಪರಂಪರೆಯ ಹೆಸರು ಹೇಳುತ್ತಲೇ ಅನುಸರಿಸುತ್ತಿರುವುದು ಮೊದಲನೆಯ ಮಾದರಿಯನ್ನು.

ಒಂದು ನಿದರ್ಶನವನ್ನು ಹತ್ತಿರದಿಂದ ನೋಡೋಣ. ಕವಿರಾಜಮಾರ್ಗದ ಮೇಲೆಯೇ ಯಾರೋ ಪ್ರಬಂಧ ಬರೆಯುತ್ತಿದ್ದಾರೆ ಎಂದುಕೊಳ್ಳಿ. ರೂಢಿಯ ಕ್ರಮ ಹೀಗಿರುತ್ತದೆ: 1898ರಲ್ಲಿ ಕೆ.ಬಿ. ಪಾಠಕ್ ಈ ಕೃತಿಯನ್ನು ಮೊದಲ ಬಾರಿಗೆ ಸಂಪಾದಿಸಿ ಪ್ರಕಟಿಸಿದರು. ಮುಳಿಯ ತಿಮ್ಮಪ್ಪಯ್ಯನವರು ‘ಕವಿರಾಜಮಾರ್ಗ ವಿವೇಕ’ ಬರೆದರು. ಎಂ.ವಿ. ಸೀತಾರಾಮಯ್ಯನವರು ಪರಿಷ್ಕೃತ ಆವೃತ್ತಿ ತಂದರು. ಕೆ.ವಿ. ಸುಬ್ಬಣ್ಣನವರು ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ ಬರೆದರು. ಷೆಲ್ಡನ್ ಪೊಲಾಕ್ 2006ರ ತಮ್ಮ ದೊಡ್ಡ ಗ್ರಂಥದಲ್ಲಿ ಇದನ್ನು ಚರ್ಚಿಸಿದ್ದಾರೆ. ಎಲ್ಲವೂ ನಿಜ. ಆದರೆ ಈ ಐದು ವಾಕ್ಯಗಳನ್ನು ಹೇಗೆ ಹಿಂದುಮುಂದು ಮಾಡಿದರೂ ಏನೂ ಕೆಡುವುದಿಲ್ಲ. ಕೆಡುವುದಿಲ್ಲವಾದರೆ ಅವುಗಳ ನಡುವೆ ಸಂಬಂಧವೇ ಇಲ್ಲ ಎಂದಾಯಿತು.

ಅದೇ ಸಾಮಗ್ರಿಯನ್ನು ಪ್ರಶ್ನೆಯ ಸುತ್ತ ಜೋಡಿಸಿದರೆ ಕಥೆ ಬೇರೆಯಾಗುತ್ತದೆ. ಈ ಗ್ರಂಥ ಯಾರದು? ಪಾಠಕರು ಅದನ್ನು ನೃಪತುಂಗನದೆಂದೇ ಅಚ್ಚುಹಾಕಿಸಿದರು. ಅವರ ಬೆನ್ನಿಗೆ ಬಹಳ ಮುಂದಿನ ಕಾಲದ ವೈಯಾಕರಣ ಭಟ್ಟಾಕಳಂಕ ಇದ್ದಾನೆ. 1604ರ ಹೊತ್ತಿಗೆ ಇದು ನೃಪತುಂಗನ ಗ್ರಂಥವೆಂಬ ನಂಬಿಕೆ ವಿದ್ವಾಂಸರಲ್ಲಿ ಇತ್ತೆಂಬುದಕ್ಕೆ ಅವನೇ ಸಾಕ್ಷಿ. ಇನ್ನೊಂದು ಪಕ್ಷದವರು ಆರು ಶತಮಾನ ಹಿಂದಕ್ಕೆ ಹೋಗಿ ದುರ್ಗಸಿಂಹನನ್ನು ಕರೆತರುತ್ತಾರೆ. ಹನ್ನೊಂದನೆಯ ಶತಮಾನದ ಆತ ಶ್ರೀವಿಜಯನ ಕವಿಮಾರ್ಗವನ್ನು ಹೊಗಳಿದ್ದಾನೆ. ಗ್ರಂಥದೊಳಗಿನ ಸಮಾಪ್ತಿವಾಕ್ಯ ಇದು ನೃಪತುಂಗದೇವನಿಗೆ ಸಮ್ಮತವಾದದ್ದು ಎಂದು ಹೇಳುತ್ತದೆಯೇ ಹೊರತು ಅವನು ರಚಿಸಿದ್ದು ಎನ್ನುವುದಿಲ್ಲ. ಈಗ ನೋಡಿ, ಪಾಠಕರನ್ನು ಹಿಂದಿಟ್ಟು ಶ್ರೀವಿಜಯವಾದವನ್ನು ಮುಂದಿಡಲು ಒಂದು ಕಾರಣ ಸಿಕ್ಕಿತು. ಅಷ್ಟೇ ಅಲ್ಲ, ಭಟ್ಟಾಕಳಂಕನ ಸಾಕ್ಷ್ಯಕ್ಕಿಂತ ದುರ್ಗಸಿಂಹನದು ಹೆಚ್ಚು ತೂಕದ್ದೇ, ‘ಕವಿಮಾರ್ಗ’ವೂ ‘ಕವಿರಾಜಮಾರ್ಗ’ವೂ ಒಂದೇ ಗ್ರಂಥವೇ ಎಂದು ಸಂಶೋಧಕರು ತಾವೇ ತೀರ್ಮಾನಿಸಬೇಕಾಯಿತು. ಇನ್ನು ಸುಬ್ಬಣ್ಣ, ಪೊಲಾಕ್ ಇಬ್ಬರೂ ಈ ಜಗಳದ ಕಕ್ಷಿಗಳೇ ಅಲ್ಲ. ಅವರ ಪ್ರಶ್ನೆ ದೇಶಭಾಷೆಯೊಂದು ಸಂಸ್ಕೃತದ ಎದುರು ತನ್ನ ಲೋಕವನ್ನು ಹೇಗೆ ಕಲ್ಪಿಸಿಕೊಂಡಿತು ಎಂಬುದು. ಅವರಿಗೆ ಬೇರೆ ಭಾಗವೇ ಬೇಕು. ದಂಡಿಯ ಕಾವ್ಯಾದರ್ಶದ ಋಣ ಎಷ್ಟು ಎಂಬ ಮೂರನೆಯ ಪ್ರಶ್ನೆ ಈ ಎರಡರ ನಡುವಿನ ಸೇತುವಾಗಬಹುದು. ಹೀಗೆ ಬರೆದರೆ ಒಂದು ವಾಕ್ಯವನ್ನೂ ಅತ್ತಿತ್ತ ಸರಿಸಲಾಗದು.

ಇದು ಗೊತ್ತಿಲ್ಲದ ಸಂಗತಿಯಲ್ಲ. ಇಂಗ್ಲಿಷಿನಲ್ಲಿ ಜಾನ್ ಸ್ವೇಲ್ಸ್ 1990ರಲ್ಲೇ ಸಂಶೋಧನ ಲೇಖನಗಳ ಪೀಠಿಕೆಗಳನ್ನು ಬಿಡಿಸಿ ನೋಡಿ, ಬರೆಯುವವರು ಮೊದಲು ಕ್ಷೇತ್ರವನ್ನು ತೋರಿಸಿ, ಅಲ್ಲಿ ಖಾಲಿ ಇರುವ ಜಾಗವನ್ನು ಗುರುತಿಸಿ, ಆ ಜಾಗದಲ್ಲಿ ತಾವು ನಿಲ್ಲುತ್ತಾರೆ ಎಂದು ತೋರಿಸಿದ್ದರು. 2005ರಲ್ಲಿ ಡೇವಿಡ್ ಬೂಟ್ ಮತ್ತು ಪೆನ್ನಿ ಬೈಲ್ ಅಮೆರಿಕದ ಶಿಕ್ಷಣಶಾಸ್ತ್ರದ ಡಾಕ್ಟರೇಟ್ ಪ್ರಬಂಧಗಳನ್ನು ಪರೀಕ್ಷಿಸಿ, ಹಿಂದಿನ ಸಂಶೋಧನೆಯನ್ನು ಅರಿಯದವರು ಹೊಸ ಸಂಶೋಧನೆ ಮಾಡಲಾರರು ಎಂದು ವಾದಿಸಿ, ಅಲ್ಲಿನ ಸಮೀಕ್ಷಾ ಅಧ್ಯಾಯಗಳು ಎಷ್ಟು ತೆಳುವಾಗಿವೆ ಎಂದು ದೂರಿದ್ದರು. ಕಾಯಿಲೆ ನಮ್ಮದೊಬ್ಬರದೇ ಅಲ್ಲ ಎಂಬ ಸಮಾಧಾನ ಬೇಕಾದವರು ಅದನ್ನು ಓದಬಹುದು.

ನಮ್ಮಲ್ಲಿ ಅದಕ್ಕೆ ಬೇರೆ ಕಾರಣಗಳೂ ಸೇರಿಕೊಂಡಿವೆ. ಒಂದು, ಈ ಅಧ್ಯಾಯ ಹುಟ್ಟುವ ಹೊತ್ತು. ನೋಂದಣಿಗೆ ಸಿನಾಪ್ಸಿಸ್ ಕೊಡಬೇಕು, ಸಿನಾಪ್ಸಿಸ್‌ಗೆ ನಾಲ್ಕು ಪುಟ ಪೂರ್ವಾಧ್ಯಯನ ಬೇಕು. ಆಗ ಅಭ್ಯರ್ಥಿ ಏನನ್ನೂ ಓದಿರುವುದಿಲ್ಲ, ತನ್ನ ಪ್ರಶ್ನೆ ಏನೆಂಬುದೂ ಸ್ಪಷ್ಟವಿರುವುದಿಲ್ಲ. ಗ್ರಂಥಾಲಯದ ಕಪಾಟಿನಲ್ಲಿ ಕಂಡದ್ದನ್ನು ಬರೆಯುತ್ತಾರೆ. ನಾಲ್ಕೈದು ವರ್ಷ ಕಳೆದು ಪ್ರಬಂಧ ಬೈಂಡಿಂಗ್‌ಗೆ ಹೋಗುವಾಗ ಅದೇ ನಾಲ್ಕು ಪುಟ ಉಬ್ಬಿ ಇಪ್ಪತ್ತಾಗಿರುತ್ತದೆ, ತಿದ್ದಿರುವುದಿಲ್ಲ. ನಿಜಕ್ಕೂ ಆ ಅಧ್ಯಾಯವನ್ನು ಎರಡು ಸಲ ಬರೆಯಬೇಕು: ಮೊದಲು ತನಗಾಗಿ, ಕೊನೆಗೆ ಓದುಗರಿಗಾಗಿ. ಎರಡನೆಯ ಸಲ ಬರೆಯುವಾಗ ಮೊದಲನೆಯದರಲ್ಲಿದ್ದ ಅರ್ಧ ಹೆಸರು ಹೋಗಬೇಕು, ಅಲ್ಲಿ ಇಲ್ಲದ ಕೆಲವು ಬರಬೇಕು.

ಇನ್ನೊಂದು ಕಾರಣ ಹೇಳುವುದಕ್ಕೆ ಸ್ವಲ್ಪ ಮುಜುಗರ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ವಿದ್ವಾಂಸರು ಬರೀ ಹೆಸರುಗಳಲ್ಲ. ಅವರು ಗುರುಗಳು, ಗುರುಗಳ ಗುರುಗಳು, ನಾಳೆ ಸಂದರ್ಶನ ಸಮಿತಿಯಲ್ಲಿ ಕೂರುವವರು. ಮಾರ್ಗದರ್ಶಕರ ಪುಸ್ತಕವನ್ನು ಪಟ್ಟಿಯಲ್ಲಿ ಸೇರಿಸದೆ ಇರಲಾಗದು; ಸೇರಿಸಿದ ಮೇಲೆ ‘ಸರ್ ಹೇಳಿದ್ದು ಇಲ್ಲಿ ನಿಲ್ಲುವುದಿಲ್ಲ’ ಎಂದು ಬರೆಯಲಾಗದು. ಹಾಗಾಗಿ ‘ಮೌಲಿಕ’, ‘ಮಹತ್ವದ’ ಮುಂತಾದ ವಿಶೇಷಣಗಳು ಅಲ್ಲಿ ಅಭಿಪ್ರಾಯವನ್ನು ಹೇಳುವುದಿಲ್ಲ, ನಮಸ್ಕಾರ ಹೇಳುತ್ತವೆ. ಹಿಂದಿನವರು ಇಷ್ಟು ಅಂಜಿರಲಿಲ್ಲ. ಪ್ರಬುದ್ಧ ಕರ್ಣಾಟಕ, ಪರಿಷತ್ಪತ್ರಿಕೆಗಳ ಹಳೆಯ ಸಂಚಿಕೆ ತೆಗೆದರೆ ಕವಿಯೊಬ್ಬನ ಕಾಲದ ಬಗ್ಗೆ, ಪಾಠವೊಂದರ ಬಗ್ಗೆ ಹಿರಿಯರನ್ನು ಹೆಸರು ಹಿಡಿದು ಅಲ್ಲಗಳೆದ ಲೇಖನಗಳು ಸಿಗುತ್ತವೆ. ಗೌರವಕ್ಕೆ ಕುಂದು ಬರದಂತೆ ಒಪ್ಪದಿರುವ ಬರವಣಿಗೆ ಕನ್ನಡಕ್ಕೆ ಚೆನ್ನಾಗಿ ಗೊತ್ತಿತ್ತು.

ಪಟ್ಟಿ ಮಾಡುವುದಕ್ಕಿಂತ ಅಪಾಯದ ಇನ್ನೊಂದು ಅಭ್ಯಾಸವಿದೆ, ಓದದೆ ಉಲ್ಲೇಖಿಸುವುದು. ಕ್ಯಾಲಿಫೋರ್ನಿಯಾದ ಮಿಖಾಯಿಲ್ ಸಿಮ್ಕಿನ್ ಮತ್ತು ವ್ವಾನಿ ರಾಯ್‌ಚೌಧುರಿ ಇದನ್ನು ಅಚ್ಚಿನ ತಪ್ಪುಗಳಿಂದ ಹಿಡಿದರು. 1973ರ ಭೌತವಿಜ್ಞಾನದ ಒಂದು ಹೆಸರಾಂತ ಲೇಖನಕ್ಕೆ ಸುಮಾರು 4,300 ಉಲ್ಲೇಖಗಳಿದ್ದವು. ಅವುಗಳಲ್ಲಿ 196 ಕಡೆ ಸಂಪುಟ, ಪುಟ, ವರ್ಷ ತಪ್ಪಾಗಿ ಅಚ್ಚಾಗಿದ್ದವು. ಆದರೆ ಬೇರೆಬೇರೆ ಬಗೆಯ ತಪ್ಪುಗಳು ಬರೀ 45. ಒಂದೇ ತಪ್ಪು ಪುಟಸಂಖ್ಯೆ 78 ಕಡೆ ಮರುಕಳಿಸಿತ್ತು. ಅಷ್ಟು ಜನಕ್ಕೆ ಅದೇ ಅಂಕಿ ತಾನಾಗಿ ತಪ್ಪುವುದು ಸಾಧ್ಯವಿಲ್ಲ. ಒಬ್ಬರ ಗ್ರಂಥಋಣವನ್ನು ಮತ್ತೊಬ್ಬರು ಇಳಿಸಿಕೊಂಡಿದ್ದಾರೆ. ಮೂಲವನ್ನು ನಿಜವಾಗಿ ಓದಿ ಉಲ್ಲೇಖಿಸುವವರು ನೂರಕ್ಕೆ ಇಪ್ಪತ್ತರಷ್ಟು ಎಂದು ಅವರ ಅಂದಾಜು.

ಕನ್ನಡದಲ್ಲಿ ಈ ಬೇಟೆಗೆ ಎಪಿಗ್ರಾಫಿಯ ಕರ್ನಾಟಿಕ ಒಳ್ಳೆಯ ಕಾಡು. ಬಿ.ಎಲ್. ರೈಸ್ ತಂದ ಹಳೆಯ ಸಂಪುಟಗಳಲ್ಲಿ ಏಳನೆಯದು ಶಿವಮೊಗ್ಗ ಜಿಲ್ಲೆಯದು. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಿಂದ ಹೊರತಂದ ಪರಿಷ್ಕೃತ ಆವೃತ್ತಿಯ ಏಳನೆಯ ಸಂಪುಟ ಮಂಡ್ಯ ಕಡೆಯ ತಾಲ್ಲೂಕುಗಳದು. ಶಿಕಾರಿಪುರದ ಶಾಸನವೊಂದಕ್ಕೆ ‘ಎ.ಕ. 7’ ಎಂದಷ್ಟೇ ಕೊಟ್ಟು ಯಾವ ಆವೃತ್ತಿ ಎಂದು ಹೇಳದಿದ್ದರೆ, ಅದನ್ನು ಹುಡುಕಿಕೊಂಡು ಹೋದ ಓದುಗ ನಾಗಮಂಗಲದಲ್ಲಿ ಇಳಿಯುತ್ತಾನೆ. ಹಳೆಯ ಪ್ರಬಂಧದ ಅಡಿಟಿಪ್ಪಣಿಯನ್ನು ಹಾಗೇ ಎತ್ತಿಕೊಂಡು, ಗ್ರಂಥಋಣದಲ್ಲಿ ಮಾತ್ರ ಹೊಸ ಆವೃತ್ತಿಯ ವರ್ಷ ಕೊಟ್ಟವರು ಇಲ್ಲಿ ಸಿಕ್ಕಿಬೀಳುತ್ತಾರೆ. ವೈವಾದಲ್ಲಿ ಒಂದೇ ಒಂದು ಟಿಪ್ಪಣಿಯನ್ನು ಹಿಡಿದು ಪರೀಕ್ಷಿಸಬೇಕೆಂದರೆ ನಾನಾದರೆ ಇದನ್ನು ಹಿಡಿಯುತ್ತೇನೆ.

ಇದೆಲ್ಲ ಪಂಡಿತರ ಕೊಂಕು, ಪುಟಸಂಖ್ಯೆ ತಪ್ಪಿದರೆ ಯಾರೂ ಸಾಯುವುದಿಲ್ಲ ಎನ್ನುವವರು ಇದ್ದಾರೆ. 1980ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಐದೇ ವಾಕ್ಯಗಳ ಒಂದು ಪತ್ರ ಅಚ್ಚಾಯಿತು. ಆಸ್ಪತ್ರೆಯಲ್ಲಿದ್ದಾಗ ಅಫೀಮಿನ ಜಾತಿಯ ನೋವುನಿವಾರಕ ಪಡೆದ 11,882 ರೋಗಿಗಳಲ್ಲಿ, ಹಿಂದೆ ವ್ಯಸನವಿಲ್ಲದೆ ಹೊಸದಾಗಿ ವ್ಯಸನಕ್ಕೆ ಬಿದ್ದದ್ದು ದಾಖಲಾದವರು ನಾಲ್ಕೇ ಮಂದಿ ಎಂದು ಅದು ಹೇಳಿತ್ತು. 2017ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಒಂದು ವಿಶ್ಲೇಷಣೆಯ ಪ್ರಕಾರ ಆ ಪತ್ರವನ್ನು 608 ಕಡೆ ಉಲ್ಲೇಖಿಸಲಾಗಿತ್ತು. ನೂರಕ್ಕೆ 72ರಷ್ಟು ಕಡೆ ಅದನ್ನು ಇಂಥ ಔಷಧಿಯಿಂದ ವ್ಯಸನ ಅಪರೂಪ ಎಂಬುದಕ್ಕೆ ಆಧಾರವಾಗಿ ಬಳಸಿದ್ದರು. ನೂರಕ್ಕೆ 80ಕ್ಕೂ ಹೆಚ್ಚು ಕಡೆ, ಅದು ಆಸ್ಪತ್ರೆಯೊಳಗಿನ ರೋಗಿಗಳ ಲೆಕ್ಕ ಎಂಬ ಮಾತನ್ನೇ ಬಿಟ್ಟಿದ್ದರು. ಮನೆಗೆ ಒಯ್ದು ತಿಂಗಳುಗಟ್ಟಲೆ ನುಂಗುವ ಮಾತ್ರೆಗೆ ಆ ಲೆಕ್ಕ ಹೊಂದುವುದಿಲ್ಲ. ಅಮೆರಿಕದ ಅಫೀಮು ವ್ಯಸನದ ಪಿಡುಗಿಗೆ ಆ ಉಲ್ಲೇಖ ಸರಣಿಯೂ ಕೈಜೋಡಿಸಿತು ಎಂಬುದು ವಿಶ್ಲೇಷಕರ ಅಭಿಪ್ರಾಯ. ಪತ್ರ ಬರೆದವರ ತಪ್ಪೇನೂ ಇರಲಿಲ್ಲ. ಅದನ್ನು ತೆರೆದು ಐದು ವಾಕ್ಯ ಓದುವಷ್ಟು ಪುರುಸೊತ್ತು ಉಲ್ಲೇಖಿಸಿದವರಿಗೆ ಇರಲಿಲ್ಲ.

ಓದಬೇಕೆಂದರೂ ಕನ್ನಡದಲ್ಲಿ ಹಿಂದಿನ ಸಂಶೋಧನೆ ಎಲ್ಲಿದೆ ಎಂದು ಕಂಡುಹಿಡಿಯುವುದೇ ಒಂದು ಸಂಶೋಧನೆ. ನಮ್ಮ ಒಳ್ಳೆಯ ಲೇಖನಗಳಲ್ಲಿ ಬಹಳಷ್ಟು ಅಭಿನಂದನ ಗ್ರಂಥಗಳಲ್ಲಿ ಹುದುಗಿವೆ. ಬಿ.ಎಂ.ಶ್ರೀಯವರಿಗೆ 1941ರಲ್ಲಿ ಅರ್ಪಿಸಿದ ‘ಸಂಭಾವನೆ’ಯಿಂದ ಮೊದಲ್ಗೊಂಡು ಊರೂರಿನ ಪ್ರಾಧ್ಯಾಪಕರ ನಿವೃತ್ತಿ ಸಂಪುಟಗಳವರೆಗೆ ಇವು ಹಬ್ಬಿವೆ. ಹೆಸರು ನೋಡಿದರೆ ಒಳಗೇನಿದೆ ಎಂದು ತಿಳಿಯುವುದಿಲ್ಲ. ಗ್ರಂಥಾಲಯದ ಸೂಚಿ ಪುಸ್ತಕದ ಹೆಸರಿಗೆ ನಿಲ್ಲುತ್ತದೆ, ಲೇಖನದವರೆಗೆ ಇಳಿಯುವುದಿಲ್ಲ. ಧಾರವಾಡದ ಕರ್ನಾಟಕ ಭಾರತಿ, ಬೆಂಗಳೂರಿನ ಸಾಧನೆ, ಮೈಸೂರಿನ ಮಾನವಿಕ ಕರ್ನಾಟಕಗಳ ಬಿಡಿ ಸಂಚಿಕೆಗಳದೂ ಇದೇ ಪಾಡು. ‘ಬಿಡಿ ಲೇಖನಗಳು ಬಂದಿವೆಯಾದರೂ’ ಎಂದು ಒಂದೇ ಉಸುರಿಗೆ ತಳ್ಳಿಹಾಕುವುದು ಇವನ್ನೇ. ಕನ್ನಡ ಸಂಶೋಧನೆಯ ಎಷ್ಟೋ ದೊಡ್ಡ ತೀರ್ಮಾನಗಳು ಮೊದಲು ಬಂದದ್ದು ಇಂಥ ಹತ್ತು ಹದಿನೈದು ಪುಟದ ಬಿಡಿ ಲೇಖನಗಳಲ್ಲೇ.

ಪ್ರಬಂಧಗಳ ಮಟ್ಟಿಗೆ ಶೋಧಗಂಗಾ ಬಂದ ಮೇಲೆ ದಾರಿ ಸುಗಮವಾಯಿತು. ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಕೊಡಬೇಕೆಂದು ಯುಜಿಸಿ 2009ರಲ್ಲಿ ನಿಯಮ ಮಾಡಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಅವನ್ನು ಕೂಡಿಡುತ್ತಿದೆ. ಆದರೆ ಕನ್ನಡದ ಪ್ರಬಂಧಗಳಲ್ಲಿ ಬಹಳಷ್ಟು ಯೂನಿಕೋಡ್‌ಗೆ ಮೊದಲಿನ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಾಗಿ ಪಿಡಿಎಫ್ ಆದವು. ಕಣ್ಣಿಗೆ ಅದು ಚೊಕ್ಕ ಕನ್ನಡ. ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಕಂತೆ. ‘ದುರ್ವಿನೀತ’ ಎಂದು ಹುಡುಕಿದರೆ ಅವನ ಬಗ್ಗೆ ಮೂವತ್ತು ಪುಟ ಬರೆದ ಪ್ರಬಂಧವೂ ಸಿಗುವುದಿಲ್ಲ. ಇದಕ್ಕೊಂದು ಅಡ್ಡಪರಿಣಾಮವೂ ಇದೆ. 2018ರ ಯುಜಿಸಿ ನಿಯಮದಂತೆ ಹೋಲಿಕೆ ನೂರಕ್ಕೆ ಹತ್ತರೊಳಗಿದ್ದರೆ ದಂಡವಿಲ್ಲ, 40ರವರೆಗೆ ಇದ್ದರೆ ತಿದ್ದಿ ಕೊಡಬೇಕು, 60ರವರೆಗೆ ಇದ್ದರೆ ಒಂದು ವರ್ಷ ತಡೆ, ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಯಂತ್ರಕ್ಕೆ ಓದಲು ಬಾರದ ಅಕ್ಷರದಲ್ಲಿ ಹೋಲಿಕೆ ಸಿಗುವುದಾದರೂ ಹೇಗೆ? ಪುಟಗಟ್ಟಲೆ ಎತ್ತಿದ ಕನ್ನಡ ಅಧ್ಯಾಯ ಶುಭ್ರವಾಗಿ ಪಾರಾಗಿ, ಉದ್ಧರಣೆಗಳನ್ನು ಯೂನಿಕೋಡಿನಲ್ಲಿ ನಿಷ್ಠೆಯಿಂದ ಕೊಟ್ಟವರು ಎಲ್ಲಕ್ಕೂ ವಿವರಣೆ ಕೊಡುತ್ತ ಕೂರಬೇಕಾಗಬಹುದು. ಆ ನಿಯಮ ಉದ್ಧರಣ ಚಿಹ್ನೆಯೊಳಗಿನ, ಆಕರ ಕೊಟ್ಟ ಮಾತನ್ನು ಲೆಕ್ಕದಿಂದ ಬಿಡಿ ಎಂದೇ ಹೇಳಿದೆ. ಆದರೂ ಶೇಕಡಾವಾರು ಇಳಿಸುವ ಭಯದಲ್ಲಿ ವಿದ್ವಾಂಸರ ಮಾತನ್ನು ಅವರದೇ ಪದಗಳಲ್ಲಿ ಕೊಡದೆ, ಸಮಾನಾರ್ಥಕ ಪದ ಹುಡುಕಿ ತಿರುಚಿ ಬರೆಯುವ ಹೊಸ ರೋಗ ಹರಡಿದೆ. ಪೂರ್ವಪಕ್ಷ ಅಲ್ಲಿಗೇ ಸತ್ತಂತೆ.

ಈಗ ಯಂತ್ರವನ್ನೇ ಕೇಳಿ ಈ ಅಧ್ಯಾಯ ಬರೆಸುವುದೂ ಶುರುವಾಗಿದೆ. ಇಲ್ಲದ ಲೇಖನವನ್ನು ಇರುವ ವಿದ್ವಾಂಸರ ಹೆಸರಿಗೆ ಅಂಟಿಸಿ, ಪುಟಸಂಖ್ಯೆಯೊಡನೆ ಕೊಡುವುದರಲ್ಲಿ ಅದಕ್ಕೆ ಸಂಕೋಚವಿಲ್ಲ. ಕನ್ನಡದ ನಿಯತಕಾಲಿಕಗಳ ಹಳೆಯ ಸಂಚಿಕೆಗಳಲ್ಲಿ ಬಹುಪಾಲು ಅದಕ್ಕೆ ಕಂಡಿರುವುದೂ ಇಲ್ಲ. ಇದರ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಓದದೆ ಉಲ್ಲೇಖಿಸುವ ಹಳೆಯ ಚಾಳಿಗೆ ಸಿಕ್ಕ ಹೊಸ ವಾಹನ.

ಮತ್ತೆ ಆ ‘ಸಮಗ್ರ ಅಧ್ಯಯನ ನಡೆದಿಲ್ಲ’ ಎಂಬ ವಾಕ್ಯಕ್ಕೆ ಬರಬೇಕು, ಯಾಕೆಂದರೆ ಇಡೀ ಅಧ್ಯಾಯ ಬರೆಯುವುದೇ ಆ ಒಂದು ವಾಕ್ಯಕ್ಕಾಗಿ. ನಡೆದಿಲ್ಲ ಎಂಬುದು ಅಧ್ಯಯನ ಮಾಡುವುದಕ್ಕೆ ಸಾಕಾದ ಕಾರಣವಲ್ಲ. ಪಕ್ಕದ ತಾಲ್ಲೂಕಿನ ಜನಪದ ಗೀತೆಗಳ ಮೇಲೆ ಪ್ರಬಂಧ ಬಂದಿದೆ, ನಮ್ಮ ತಾಲ್ಲೂಕಿನದರ ಮೇಲೆ ಬಂದಿಲ್ಲ ಎಂದರೆ ಭೂಪಟದಲ್ಲಿ ಒಂದು ಖಾಲಿ ಜಾಗ ತೋರಿಸಿದಂತಾಯಿತು, ಅಷ್ಟೆ. ನಮ್ಮ ತಾಲ್ಲೂಕಿನ ಹಾಡುಗಳು ಪಕ್ಕದವರು ಕಂಡುಕೊಂಡದ್ದನ್ನು ಎಲ್ಲಾದರೂ ಸುಳ್ಳುಮಾಡುತ್ತವೆಯೇ? ಅಲ್ಲಿ ಕೆಲಸ ಶುರು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಪುಸ್ತಕವಾಗುವ ಹೊತ್ತಿಗೆ ಶಾಸನಗಳ ಮೇಲೆ ಕೆಲಸ ನಡೆದಿರಲಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ. ರೈಸ್, ಫ್ಲೀಟ್‌ರಿಂದ ಆರ್. ನರಸಿಂಹಾಚಾರ್ಯರವರೆಗೆ ಮುಕ್ಕಾಲು ಶತಮಾನದ ದುಡಿಮೆ ಬೆನ್ನಿಗಿತ್ತು. ಆ ದುಡಿಮೆಯ ಹೆಚ್ಚಿನ ಭಾಗ ಅರಸರ ವಂಶಾವಳಿ, ಯುದ್ಧ, ಕಾಲನಿರ್ಣಯಗಳ ಕಡೆಗಿತ್ತು. ಮೂರ್ತಿಯವರು ಅವೇ ಶಾಸನಗಳನ್ನು ಹಿಡಿದು ಧರ್ಮ, ಶಿಕ್ಷಣ, ಆತ್ಮಬಲಿ, ವೀರಗಲ್ಲುಗಳ ಬಗ್ಗೆ ಕೇಳಿದರು. ಅವರು ಕಂಡ ಕೊರತೆ ಆಕರದ್ದಾಗಿರಲಿಲ್ಲ, ಪ್ರಶ್ನೆಯದಾಗಿತ್ತು. ಇಂಥ ಕೊರತೆಯನ್ನು ಕಾಣಬೇಕಾದರೆ ಹಿಂದಿನವರನ್ನು ಪೂರ್ತಿ ಓದಿರಲೇಬೇಕು; ಖಾಲಿ ತಾಲ್ಲೂಕನ್ನು ಕಾಣಲು ಗ್ರಂಥಸೂಚಿ ಸಾಕು.

ವಿಶ್ವವಿದ್ಯಾಲಯಗಳಿಗೆ ಹೊಸ ನಿಯಮವೇನೂ ಬೇಕಿಲ್ಲ. ಯುಜಿಸಿಯ 2016ರ ನಿಯಮದಲ್ಲಿ ಆರು ತಿಂಗಳಿಗೊಮ್ಮೆ, 2022ರ ನಿಯಮದಲ್ಲಿ ಪ್ರತಿ ಸೆಮಿಸ್ಟರ್, ಸಂಶೋಧಕರು ಸಲಹಾ ಸಮಿತಿಯ ಮುಂದೆ ಪ್ರಗತಿ ವರದಿ ಮಂಡಿಸಬೇಕು. ಈಗ ಅಲ್ಲಿ ಎಷ್ಟು ಅಧ್ಯಾಯ ಮುಗಿಯಿತು ಎಂದು ಕೇಳಿ ಸಹಿ ಹಾಕುತ್ತಾರೆ. ಅವುಗಳಲ್ಲಿ ಒಂದು ಸಭೆಯನ್ನು, ಎರಡನೆಯ ವರ್ಷದ ಕೊನೆಯದನ್ನು, ಇದಕ್ಕೇ ಮೀಸಲಿಡಬಹುದು. ಅಭ್ಯರ್ಥಿ ತಾನು ಒಪ್ಪದ ವಿದ್ವಾಂಸರೊಬ್ಬರನ್ನು ಆರಿಸಿಕೊಂಡು ಅವರ ವಾದವನ್ನು ಇಪ್ಪತ್ತು ನಿಮಿಷ ಅವರ ಪರವಾಗಿಯೇ ಮಂಡಿಸಲಿ, ಮೂಲಪುಸ್ತಕ ಮೇಜಿನ ಮೇಲಿರಲಿ, ಸಮಿತಿಯವರು ಪುಟ ತೆರೆದು ನೋಡುತ್ತ ಕೇಳಲಿ. ಆ ವಿದ್ವಾಂಸರು ಮಾರ್ಗದರ್ಶಕರೇ ಆಗಿದ್ದರೂ ಅಡ್ಡಿಯಿಲ್ಲ.